ಒಂದೇ ಪಂಕ್ತಿಯ ಗುಳಿಗೆ

ಅಮ್ಮನಿಗೆ ಮರೆವು ಶುರುವಾದದ್ದು ಅಡುಗೆಮನೆಯಲ್ಲಿ. ಸಾರಿಗೆ ಮತ್ತೆ ಮತ್ತೆ ಉಪ್ಪು ಹಾಕುವುದು, ಹಾಲು ಒಲೆಯ ಮೇಲಿಟ್ಟು ಬಚ್ಚಲಿಗೆ ಹೋಗಿ, ಯಾಕೆ ಬಂದೆನೆಂದು ತಿಳಿಯದೆ ನಿಂತುಬಿಡುವುದು. ವಯಸ್ಸಾಯಿತು, ಅರಳುಮರಳು ಎಂದು ಜನ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳನ್ನು ಬಿಟ್ಟರೆ ನನಗೆ ಯಾರೂ ಇರಲಿಲ್ಲ. ಒಂದು ದಿನ ನನ್ನನ್ನೂ ಮರೆತುಬಿಟ್ಟರೆ ಏನು ಗತಿ ಎಂಬ ಭಯ ಬಿಡುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಸಿದ್ದಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ನಮ್ಮೂರಾದ ಹೆಗ್ಗರಣೆಯಿಂದ ಅಮ್ಮನನ್ನು ಕರೆತಂದು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದೆ. ಶಾಲೆ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಕೇರಿಯ ಮುದುಕಿಯರಿಗೆ ಅಕ್ಷರ ಕಲಿಸುತ್ತಿದ್ದೆ. ಕಲಿಯುವುದಕ್ಕಿಂತ ಸೊಸೆಯಂದಿರ ದೂರು ಹೇಳುವುದೇ ಹೆಚ್ಚು. ಆದರೂ ಬರುತ್ತಿದ್ದರು, ಸ್ಲೇಟು ಒರೆಸಿ ಒರೆಸಿ ಬರೆಯುತ್ತಿದ್ದರು. ಅಮ್ಮನೂ ಅವರ ನಡುವೆ ಕೂರುತ್ತಿದ್ದಳು.

ಶಿರಸಿಯಲ್ಲಿ ದವಾಖಾನೆ ಇಟ್ಟಿದ್ದ ಹಾವೇರಿ ಕಡೆಯ ಡಾಕ್ಟರೊಬ್ಬರಿಗೆ ಅಮ್ಮನನ್ನು ತೋರಿಸುತ್ತಿದ್ದೆ. ನನ್ನ ಮುದುಕಿಯರ ಶಾಲೆಯ ಸುದ್ದಿ ಕೇಳಿ ಅವರು ಒಂದು ದಿನ ಬಸ್ಸು ಹತ್ತಿ ಬಂದೇಬಿಟ್ಟರು, ಚೀಲದ ತುಂಬ ಸಣ್ಣ ಸಣ್ಣ ಬಾಟಲಿ. ಮುಂಬಯಿಯಿಂದ ಬಂದ ಹೊಸ ಮದ್ದು, ನೆನಪಿಗೆ ಒಳ್ಳೆಯದೋ ಅಲ್ಲವೋ ನೋಡಬೇಕು ಎಂದರು. ಪ್ರತಿಯೊಬ್ಬರಿಗೂ ಒಂದು ಬಾಟಲಿ. ಕೆಲವರ ಗುಳಿಗೆಯಲ್ಲಿ ಮದ್ದು, ಉಳಿದವರದರಲ್ಲಿ ಬರೀ ಹಿಟ್ಟು. ಕಣ್ಣಿಗೆ ಎರಡೂ ಒಂದೇ.

"ಯಾರಿಗೆ ಯಾವುದು ಅಂತ ಮುಂಬಯಿಯವರಿಗಷ್ಟ ಗೊತ್ತು, ನನಗೂ ಗೊತ್ತಿಲ್ರಿ. ಗೊತ್ತಿದ್ರ ನನ್ನ ಕಣ್ಣೂ ಮೋಸ ಮಾಡ್ತದ. ಒಬ್ಬರದು ಇನ್ನೊಬ್ಬರು ನುಂಗಬಾರದು, ಅಷ್ಟು ಮಾಡ್ರಿ. ಬ್ಯಾಡ ಅನ್ನಿಸಿದವರು ಯಾವಾಗ ಬೇಕಾದ್ರೂ ಬಿಡಬಹುದು" ಎಂದರು.

ನಾನು ಅದನ್ನೇ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಪಾಠ ಮುಗಿದ ಮೇಲೆ ಜಗಲಿಯಲ್ಲೇ ಕೂತು ನುಂಗುವುದೆಂದಾಯಿತು. ನಾನು ದೇವರಿಗೆ ಬೇಡಿಕೊಂಡದ್ದು ಒಂದೇ: ಮದ್ದಿನ ಬಾಟಲಿ ಅಮ್ಮನದಾಗಿರಲಿ. ಉಳಿದವರದು ಏನಾದರೂ ಆಗಲಿ. ಆಗ ನನ್ನ ಮನಸ್ಸು ಅಷ್ಟೇ ಅಗಲವಿತ್ತು.

ಅಮ್ಮ ಚೇತರಿಸಿಕೊಂಡಳು! ಪಾಠದ ಹೊತ್ತಿಗೆ ತಾನೇ ಚಾಪೆ ಹಾಸುವಳು. ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು, ಆಮೇಲೆ ನನ್ನದನ್ನೂ ಬರೆದಳು. ಅವತ್ತು ಅಡುಗೆಮನೆಗೆ ಹೋಗಿ ನಾನು ಗೋಳೋ ಎಂದು ಅತ್ತೆ.

ಡಾಕ್ಟರು ಮತ್ತೆ ಬಂದು ಬಾಟಲಿ ಕೇಳಿದಾಗ ಗುಟ್ಟು ಹೊರಬಿತ್ತು. ಬಾಟಲಿಗಳೆಲ್ಲ ಖಾಲಿ. ಗುಳಿಗೆಗಳನ್ನೆಲ್ಲ ಅಮ್ಮ ಒಂದು ಹಿತ್ತಾಳೆ ಡಬ್ಬಿಗೆ ಸುರಿದು ಬೆರೆಸಿಬಿಟ್ಟಿದ್ದಳು. ನಾನು ಒಳಗೆ ಚಹಾ ಕಾಸುತ್ತಿದ್ದಾಗ ದಿನವೂ ಅಮ್ಮ ಅದರಿಂದ ತೆಗೆದು ಸಾಲಾಗಿ ಎಲ್ಲರ ಅಂಗೈಗೂ ಹಾಕುತ್ತಿದ್ದಳಂತೆ.

"ಎಂತಕ್ಕೆ ಹಿಂಗೆ ಮಾಡಿದೆ ಅಮ್ಮಾ?" ಎಂದು ಕೂಗಿದೆ.

"ಒಂದೇ ಪಂಕ್ತಿಲಿ ಕೂತವಕ್ಕೆ ಒಬ್ಬಂಗೆ ತುಪ್ಪ, ಇನ್ನೊಬ್ಬಂಗೆ ನೀರು ಬಡಸ್ತ್ವನೇ?" ಎಂದಳು ಅಮ್ಮ. "ಅದು ಪಾಪ. ಆನು ಮಾಡ್ತ್ನಿಲ್ಲೆ."

ಬೇಕಾದದ್ದನ್ನೆಲ್ಲ ಮರೆತವಳು ಪಂಕ್ತಿಭೇದ ಮಾಡಬಾರದೆಂಬುದನ್ನು ಮರೆತಿರಲಿಲ್ಲ. ಪಾಠಕ್ಕೆ ಬರುತ್ತಿದ್ದ ಬನವಾಸಿ ಕಡೆಯ ಅಂಗಡಿಯವರ ಹೆಂಡತಿಗೂ ತಪ್ಪದೆ ಹಾಕಿದ್ದಳು. ಅವರ ಜಾತಿ ಬೇರೆ; ಊಟಕ್ಕಾಗಿದ್ದರೆ ಅಮ್ಮನೂ ಅವರೂ ಆ ಕಾಲದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿರಲಿಲ್ಲ.

ಡಾಕ್ಟರು ಸಿಟ್ಟು ಮಾಡಲಿಲ್ಲ, ಮುಖ ಮಾತ್ರ ಬಾಡಿತು. ಇನ್ನು ಇದರಿಂದ ಏನೂ ತಿಳಿಯುವ ಹಾಗಿಲ್ಲ, ಮುಂಬಯಿಯವರಿಗೆ ಹಾಗೆಯೇ ತಿಳಿಸುತ್ತೇನೆ ಎಂದು ಡಬ್ಬಿಯಲ್ಲಿ ಉಳಿದಿದ್ದ ಗುಳಿಗೆಗಳನ್ನೂ ಚೀಲಕ್ಕೆ ಸುರಿದುಕೊಂಡರು. ನಾನು ಬಸ್ಸಿನವರೆಗೂ ಹಿಂದೆಯೇ ಹೋದೆ. ಅಮ್ಮ ಸುಧಾರಿಸಿದ್ದು ಸುಳ್ಳೇ ಎಂದು ಕೇಳಿದೆ.

"ಸುಳ್ಳಲ್ರಿ ಅಕ್ಕೋರ. ಗುಳಿಗಿಯಿಂದ ಆಗಿರಬಹುದು. ದಿನಾ ನಾಕು ಮಂದಿ ಕೂಡ ಕುಂತು, ನಕ್ಕು, ಅಕ್ಷರ ಕಲತದ್ದಕ್ಕೂ ಆಗಿರಬಹುದು. ಯಾವುದರಿಂದ ಅಂತ ತಿಳಕೊಳ್ಳಲಿಕ್ಕೇ ಬ್ಯಾರೆ ಬ್ಯಾರೆ ಬಾಟ್ಲಿ ಕೊಟ್ಟಿದ್ದೆ. ಈಗ ದೇವರಿಗೇ ಗೊತ್ತು. ಕೂಡಿ ಕುಂದ್ರೂದು ಮಾತ್ರ ಬಿಡಬ್ಯಾಡ್ರಿ."

ಆದರೆ ಅದೇ ನಿಂತುಹೋಯಿತು. ಓದಿದವರ ಕೆಲಸ ಕೆಡಿಸಿದೆವೆಂದು ಹೆಂಗಸರಿಗೆ ನಾಚಿಕೆ. ಯಾರ ಮನೆಯಲ್ಲೋ ಮಗ ಗದರಿದ್ದ, ಇನ್ಯಾರ ಮನೆಯಲ್ಲೋ ಸೊಸೆ ನಕ್ಕಿದ್ದಳು. ನಾನು ಮನೆಮನೆಗೆ ಹೋಗಿ ಕರೆದೆ. "ಯಂಗಕ್ಕೆ ಇನ್ನೆಂತಕ್ಕೆ ತಂಗಿ ಅಕ್ಷರ" ಎಂದು ಒಬ್ಬರು, "ಮೊಣಕಾಲು ನೋವು" ಎಂದು ಇನ್ನೊಬ್ಬರು. ಅಂಗಡಿಯವರ ಹೆಂಡತಿ ಬಾಗಿಲಿಗೇ ಬರಲಿಲ್ಲ.

ಅಮ್ಮನಿಗೆ ಇದು ಹೇಗೆ ತಿಳಿಯಬೇಕು? ಚಾಪೆ ಹಾಸಿ ಬೀದಿ ನೋಡುತ್ತ ಕೂರುವಳು. ನಾನೊಬ್ಬಳೇ ಎದುರಿಗೆ ಕೂತು ಪಾಠ ಹೇಳಿದರೆ ಸ್ಲೇಟು ಬದಿಗಿಡುವಳು. ಬರೆದ ಅಕ್ಷರಗಳು ಒಂದೊಂದಾಗಿ ಅವಳ ನೆನಪಿನಿಂದ ಹೋದವು. ಆಮೇಲೆ ನಾನೂ ಹೋದೆ. ನನ್ನನ್ನು "ಅಕ್ಕೋರೇ" ಎಂದು ಬಹುವಚನದಲ್ಲಿ ಮಾತಾಡಿಸತೊಡಗಿದಳು. ಆ ಮರ್ಯಾದೆಯನ್ನು ನಾನು ಹೇಗೆ ಸಹಿಸಿದೆನೋ ನನಗೇ ತಿಳಿಯದು.

ಒಂದು ಸಂಜೆ ಬೀದಿ ನೋಡುತ್ತಲೇ ಕೇಳಿದಳು: "ಅಕ್ಕೋರೇ, ಅವೆಲ್ಲಾ ಸತ್ತೇ ಹೋದ್ವಾ?"

ಎಲ್ಲರೂ ಬದುಕಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗಳಲ್ಲಿದ್ದರು. ಅಮ್ಮ ತೀರಿಕೊಂಡ ದಿನ, ಯಾರೂ ಕರೆಯದಿದ್ದರೂ, ಒಬ್ಬರೂ ತಪ್ಪದೆ ಬಂದರು.