ಕಚ್ಚಿ ಕುಡಿಯದ ನೀರು

ನಾನು ಬಾಟಲಿಯನ್ನು ಕಚ್ಚಿ ಕುಡಿಯುವವಳಲ್ಲ. ಲೋಟವಿರಲಿ, ಬಾಟಲಿಯಿರಲಿ, ಎತ್ತಿ ಹಿಡಿದು ಗಂಟಲಿಗೆ ಸುರಿದುಕೊಂಡೇ ಅಭ್ಯಾಸ. ಇದು ಮಡಿಯೋ ಶುಚಿಯೋ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಅಮ್ಮ ಎಂಜಲು ಎಂದು ಕಲಿಸಿದಳು. ಆಮೇಲೆ ಮೈಸೂರಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದಾಗ ಅದನ್ನೇ ರೋಗಾಣು ಎಂಬ ಹೆಸರಿನಲ್ಲಿ ನಾನು ಬೇರೆಯವರಿಗೆ ಕಲಿಸಿದೆ. ಎರಡೂ ಸೇರಿ ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿವೆ.

ಮಗಳಿಗೆ ಇದು ಕಂಡರಾಗದು. ಅಮೆರಿಕದ ಸೀಡರ್ ಪಾರ್ಕಿನ ಅವಳ ಮನೆಗೆ ನಾನು ಬಂದು ನಾಲ್ಕು ವರ್ಷವಾಗಿದೆ, ನಾಲ್ಕು ವರ್ಷದಿಂದಲೂ ಇದೇ ಜಗಳ. ಕಳೆದ ಮೇ ತಿಂಗಳಲ್ಲಿ ಮೂರು ದಿನ ರಜೆ ಸಿಕ್ಕಿತೆಂದು ಅವಳು, ಒಂಬತ್ತು ವರ್ಷದ ಮೊಮ್ಮಗಳು ಮತ್ತು ನಾನು ಪಶ್ಚಿಮ ಟೆಕ್ಸಾಸಿನ ಬೆಟ್ಟಕ್ಕೆ ಹೊರಟೆವು. ಅಳಿಯನಿಗೆ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು, ಬರಲಿಲ್ಲ. ಎಂಟು ಗಂಟೆಯ ಡ್ರೈವ್. ನಾನು ಬಾಟಲಿ ಎತ್ತಿದ ಹೊತ್ತಿಗೆ ಸರಿಯಾಗಿ ಕಾರು ಕುಲುಕಿ, ಅರ್ಧ ನೀರು ನನ್ನ ಮಡಿಲಿಗೂ ಇನ್ನರ್ಧ ಪಕ್ಕದಲ್ಲಿಟ್ಟಿದ್ದ ಮಗಳ ಲ್ಯಾಪ್‌ಟಾಪಿನ ಮೇಲೂ ಬಿತ್ತು. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು.

“ಅಮ್ಮ, ನಿನ್ನ ಮಡಿ ನಿನ್ ಹತ್ರಾನೇ ಇಟ್ಕೋ. ನಾಳೆ ಬೆಟ್ಟದಲ್ಲಿ ಬಾಟ್ಲಿ ಗೀಟ್ಲಿ ಏನೂ ಇಲ್ಲ. ಬ್ಯಾಗಲ್ಲಿರೋ ನೀರನ್ನ ಎಲ್ರ ಥರ ಕುಡಿ.”

ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಆದರೆ ಮೊಮ್ಮಗಳ ಎದುರಿಗೆ ಹಾಗೆ ಅನ್ನಿಸಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಅಂದು ಊಟದ ಹೊತ್ತಿನವರೆಗೂ ನಾನು ಬಿಮ್ಮೆಂದು ಕೂತಿದ್ದೆ.

ಅವಳು ಹೇಳಿದ ಬ್ಯಾಗು ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಒಳಗೊಂದು ನೀರಿನ ಚೀಲ. ಅದರಿಂದ ಹೊರಟ ಕೊಳವೆ ಭುಜದ ಮೇಲಿಂದ ಬಂದು ಎದೆಯ ಹತ್ತಿರ ನೇತಾಡುತ್ತದೆ. ಅದರ ತುದಿಯನ್ನು ಹಲ್ಲಿನಿಂದ ಒತ್ತಿ ಹೀರಬೇಕು. ನನ್ನನ್ನು ಕೆಣಕಲೆಂದೇ ಯಾರೋ ಮಾಡಿಸಿದ ಹಾಗಿತ್ತು. ದೊಡ್ಡದು ಮಗಳ ಬೆನ್ನಿಗೆ, ಚಿಕ್ಕದು ಮೊಮ್ಮಗಳ ಬೆನ್ನಿಗೆ. ಚಿಕ್ಕದರಲ್ಲಿ ಅಜ್ಜಿ ಮೊಮ್ಮಗಳು ಹಂಚಿಕೊಳ್ಳಬೇಕು ಎಂದಾಯಿತು.

ಮರುದಿನ ಬೆಳಗ್ಗೆ ಕಾರಿನಿಂದ ಇಳಿಯುವಾಗ ಮಗಳ ಸಿಟ್ಟು ಇಳಿದಿತ್ತು. ಡಿಕ್ಕಿಯಲ್ಲಿ ನೀರಿನ ಬಾಟಲಿಗಳ ಬಾಕ್ಸೇ ಇತ್ತು, ಒಂದು ತೆಗೆದುಕೊಳ್ಳುತ್ತೀಯಾ ಎಂದು ಅವಳೇ ಕೇಳಿದಳು. ನಾನು ಬೇಡ ಎಂದೆ. ಇದನ್ನು ಬರೆಯದೆ ಹೋದರೆ ಮುಂದಿನದೆಲ್ಲ ಅವಳ ತಪ್ಪು ಎಂದಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದಾರಿಯ ಆರಂಭದ ಬೋರ್ಡಿನಲ್ಲಿ ಸುಲಭದ ನಡಿಗೆ ಎಂದಿತ್ತು. ಮೊದಲು ಪಾಳು ಗೋಡೆಗಳು, ಆಮೇಲೆ ಬಯಲಲ್ಲೊಂದು ಕೊಳ, ಕೊನೆಗೆ ಬೆಟ್ಟದ ಸಂದಿಯಲ್ಲಿ ಮರಗಳ ನಡುವೆ ಒಂದು ಒರತೆ. ಹೋಗಿ ಬರಲು ಎರಡು ಗಂಟೆ ಸಾಕಂತೆ. ನಾವು ಹೊರಟಾಗಲೇ ಹತ್ತೂವರೆ. ದಾರಿಯುದ್ದಕ್ಕೂ ಮೊಣಕಾಲೆತ್ತರದ ಮುಳ್ಳುಗಿಡ, ಪಾಪಾಸುಕಳ್ಳಿ, ಬಿಳಿ ಕಲ್ಲು. ನೆರಳಿಗೆ ಒಂದು ಮರವಿಲ್ಲ.

ಪಾಳು ಗೋಡೆಗಳೆಂದರೆ ಹಿಂದೆ ಅಂಚೆಯ ಕುದುರೆಗಾಡಿಗಳು ನಿಂತು ಕುದುರೆ ಬದಲಿಸುತ್ತಿದ್ದ ತಂಗುದಾಣ. ಉಳಿದಿರುವುದು ಸುಣ್ಣಕಲ್ಲಿನ ಒಂದೆರಡು ತುಂಡು ಗೋಡೆ. ನಮ್ಮ ಕಡೆಯಾಗಿದ್ದರೆ ಅದರ ಮೇಲೆ ಯಾರಾದರೂ ಹಪ್ಪಳ ಒಣಹಾಕಿರುತ್ತಿದ್ದರು. ಮಗಳು ಬೋರ್ಡು ಓದುತ್ತಿದ್ದಳು. ಮೊಮ್ಮಗಳು ಎರಡು ಗುಟುಕು ಹೀರಿ, ಕೊಳವೆಯನ್ನು ನನ್ನ ಕಡೆ ಚಾಚಿದಳು.

“ಬೇಡ. ನೀನು ಕಚ್ಚಿದ್ದೀಯ, ಎಂಜಲು,” ಎಂದೆ.

ಮಗಳಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ್ದು. ಅವಳಿಗೆ ಕೇಳಿಸಿತು, ತಿರುಗಿ ನೋಡಲಿಲ್ಲ. ಮಗು ಕೊಳವೆಯ ತುದಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಬೆರಳಲ್ಲಿ ಹಿಂಡಿ ನೆಲಕ್ಕೆ ನೀರು ಸುರಿಸಿದಳು. ನೀರಲ್ಲಿ ಆಡಬೇಡ ಎಂದು ಗದರಿದೆ.

ಕೊಳದ ಹತ್ತಿರ ನೀರು ಮುಟ್ಟಬೇಡಿ ಎಂಬ ಬೋರ್ಡು. ಅಲ್ಲಿಂದ ಮುಂದೆ ಏರು. ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳತೊಡಗಿತು. ನಡೆಯುತ್ತಲೇ ಮಣಿಕಟ್ಟು ಹಿಡಿದು ನನ್ನ ನಾಡಿಯನ್ನು ನಾನೇ ನೋಡಿಕೊಂಡೆ. ಓಡುತ್ತಿತ್ತು. ಹಣೆಯ ಬೆವರು ಇನ್ನೂ ಇತ್ತು, ಹಾಗಾದರೆ ಅಪಾಯವಿಲ್ಲ ಎಂದು ಲೆಕ್ಕ ಹಾಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ತಲೆಸುತ್ತಿ ಬೀಳಲಿ, ಮಗಳಿಗೆ ಬುದ್ಧಿ ಬರಲಿ ಎಂದು ಆಸೆಯಾಗಿತ್ತು. ಅರವತ್ತೆಂಟು ವರ್ಷದ ಹೆಂಗಸು ಬೀಳುವುದಕ್ಕೆ ಒಳ್ಳೆಯ ಜಾಗ ಹುಡುಕುತ್ತ ಬೆಟ್ಟ ಹತ್ತುತ್ತಿದ್ದೆ.

ಮಗಳು ಐವತ್ತು ಹೆಜ್ಜೆ ಮುಂದೆ ಇದ್ದಳು. ಮೊಮ್ಮಗಳು ನನ್ನ ಹಿಂದೆ. ತಲೆ ನೋಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ಐಪ್ಯಾಡ್ ಇಲ್ಲದ್ದಕ್ಕೆ ನೆಪ ಎಂದುಕೊಂಡೆ. ಆಮೇಲೆ ಅವಳು ಮಾತು ನಿಲ್ಲಿಸಿದಳು. ಕೊನೆಯ ಏರಿನಲ್ಲಿ ಕೈ ಹಿಡಿದಾಗ ಆ ಕೈ ಬಿಸಿಯಾಗಿತ್ತು. ಬಿಸಿಲಲ್ಲವೇ ಎಂದುಕೊಂಡು ಎಳೆದುಕೊಂಡು ಹೋದೆ.

ಒರತೆಯ ಹತ್ತಿರ ನೆರಳು ಸಿಕ್ಕಿತು. ಕಲ್ಲಿನ ಮೇಲೆ ಕೂತ ಮಗು ಹಾಗೇ ಬಾಗಿ ವಾಂತಿ ಮಾಡಿದಳು. ಮುಖ ಕೆಂಪಾಗಿತ್ತು, ತುಟಿ ಒಡೆದಿತ್ತು, ಹಣೆ ಮುಟ್ಟಿದರೆ ಒಣಗಿದ ಶಾಖ. ಮೂವತ್ತು ವರ್ಷ ಬೇರೆಯವರ ಮಕ್ಕಳಲ್ಲಿ ಬಾಗಿಲಲ್ಲೇ ಗುರುತಿಸುತ್ತಿದ್ದುದನ್ನು ಒಂದು ಗಂಟೆಯಿಂದ ಪಕ್ಕದಲ್ಲೇ ಇಟ್ಟುಕೊಂಡು ನಾನು ನೋಡಿರಲಿಲ್ಲ.

ಮಗಳು ಓಡಿಬಂದು ಮಗುವಿನ ಬೆನ್ನಿನ ಬ್ಯಾಗು ಬಿಚ್ಚಿದಳು. ಬಿಚ್ಚಿ, ಕೈಯಲ್ಲಿ ತೂಗಿ, ನನ್ನ ಮುಖ ನೋಡಿದಳು. ಬ್ಯಾಗು ತುಂಬಿಯೇ ಇತ್ತು.

ಯಾಕೆ ಕುಡಿಯಲಿಲ್ಲ ಎಂದು ಅವಳು ಮಗುವನ್ನು ಅಲ್ಲಾಡಿಸಿದಳು. ಮಗು ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಐ ವಾಷ್ಡ್ ಇಟ್. ಇಟ್ಸ್ ನಾಟ್ ಎಂಜಲು. ಇಟ್ಸ್ ಫಾರ್ ಅಜ್ಜಿ.”

ತೊಳೆದಿದ್ದೇನೆ, ಇದು ಅಜ್ಜಿಗೆ. ಆ ಇಂಗ್ಲಿಷಿನ ನಡುವೆ ನಾನು ಕಲಿಸಿದ ಕನ್ನಡ ಪದ ಎಂಜಲು ಒಂದೇ.

ದುಪಟ್ಟಾವನ್ನು ಒರತೆಯಲ್ಲಿ ಅದ್ದಿದೆ. ಇಲ್ಲೂ ಮುಟ್ಟಬೇಡಿ ಎಂದು ಬೋರ್ಡು ಇತ್ತೇನೋ, ನೋಡಲಿಲ್ಲ. ಕುತ್ತಿಗೆಗೆ, ಕಂಕುಳಿಗೆ, ತೊಡೆಯ ಸಂದಿಗೆ ಒತ್ತಿದೆ. ಕೊಳವೆಯನ್ನು ಬಾಯಿಗಿಟ್ಟರೆ ಮಗು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಮಗಳು ಬೇಡಿದಳು, ಗದರಿದಳು. ಮಗು ತುಟಿ ಬಿಚ್ಚಲಿಲ್ಲ, ನನ್ನ ಕಡೆ ಬೆರಳು ತೋರಿಸಿದಳು. ಹಟದಲ್ಲಿ ನನ್ನ ಮೊಮ್ಮಗಳೇ. ಮೊಬೈಲಿಗೆ ಸಿಗ್ನಲ್ ಇಲ್ಲ, ಕಾರು ಎರಡು ಕಿಲೋಮೀಟರ್ ದೂರ, ದಾರಿಯೆಲ್ಲ ಬಿಸಿಲು.

ನಾನು ಕೊಳವೆಯನ್ನು ತೆಗೆದುಕೊಂಡು ಅವಳ ಕಣ್ಣೆದುರೇ ಕಚ್ಚಿದೆ. ಹೀರುವುದು ಹೇಗೆಂದು ತಿಳಿಯದೆ ಮೊದಲು ಕೆಮ್ಮು ಬಂತು. ಆಮೇಲೆ ನೀರು ಬಂತು. ಬೆಚ್ಚಗೆ, ಪ್ಲಾಸ್ಟಿಕ್ಕಿನ ರುಚಿ. ಇಷ್ಟಕ್ಕೆ ನಾನು ಈ ಮಗುವನ್ನು ಇಲ್ಲಿಯವರೆಗೆ ತಂದಿದ್ದೆ.

“ನೋಡು, ಅಜ್ಜಿ ಕುಡಿದಾಯ್ತು. ಈಗ ನೀನು ಒಂದೇ ಗುಟುಕು ಕುಡಿ ಬಂಗಾರ.”

ಕುಡಿದಳು. ಎರಡು ನಿಮಿಷ ಬಿಟ್ಟು ಇನ್ನೊಂದು. ಮೂರನೆಯದನ್ನು ಕಕ್ಕಿದಳು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು.

ಮಗಳು ಮೆಲ್ಲಗೆ ಮಾತಾಡಿದಳು. “ನೀನು ಕುಡೀತಿಲ್ಲ ಅಂತ ನಂಗೆ ಗೊತ್ತಿತ್ತು ಅಮ್ಮ. ನೀನೇ ಬಾಯ್ಬಿಟ್ಟು ಕೇಳ್ಲಿ ಅಂತ ಮುಂದೆ ಹೋಗ್ತಿದ್ದೆ.”

ತಪ್ಪು ನನ್ನದು ಎಂದೆ. ಅಲ್ಲ ಎಂದು ಅವಳು ಅನ್ನಲಿಲ್ಲ, ನನಗೂ ಅದು ಬೇಕಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಮಗುವಿನ ಹಣೆಯಲ್ಲಿ ಬೆವರು ಕಾಣಿಸಿತು. ಮೂರಕ್ಕೆ ಮೂತ್ರ ಬಂತು ಎಂದಳು. ಹಾಗಾದರೆ ಮೈಗೆ ನೀರು ಹತ್ತಿದೆ ಎಂದೆ. ಅದನ್ನು ಕೇಳಿ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಿಸಿಲು ಬಾಗುವವರೆಗೂ ಕಾದು, ಮಗುವನ್ನು ಸರದಿಯ ಮೇಲೆ ಎತ್ತಿಕೊಂಡು ಇಳಿದೆವು. ಬಿಸಿಲಿನ ಬಳಲಿಕೆ, ಸದ್ಯ ಹೆದರಬೇಕಿಲ್ಲ ಎಂದರು ಹತ್ತಿರದ ಊರಿನ ಡಾಕ್ಟರು.

ಇಳಿಯುವಾಗ ಒಂದು ಕಡೆ ಸುಧಾರಿಸಿಕೊಳ್ಳಲು ನಿಂತಿದ್ದೆವು. ಮಗು ತಾನೇ ಹೀರಿ ಕುಡಿದಳು. ನಾನು ಕೈ ಚಾಚಿದೆ. ಅವಳು ಕೊಳವೆಯ ತುದಿಯನ್ನು ಟೀ ಶರ್ಟಿನಿಂದ ಚೆನ್ನಾಗಿ ಒರೆಸಿ, ನನ್ನ ಮುಖ ನೋಡಿ, ಇನ್ನೊಂದು ಸಲ ಒರೆಸಿ ಕೊಟ್ಟಳು. ಒರೆಸುವುದು ಬೇಡ ಪುಟ್ಟ ಎಂದೆ. ಅದಾಗಿ ವರ್ಷವಾಗುತ್ತ ಬಂತು. ಬಿಸ್ಕತ್ತಾಗಲಿ, ಚಮಚವಾಗಲಿ, ಈಗಲೂ ಅವಳು ನನಗೆ ಒರೆಸದೆ ಏನನ್ನೂ ಕೊಡುವುದಿಲ್ಲ.