ಗೌರಮ್ಮನ ಬೆರಳು, ಎಮ್ಮೆಯ ಕೆಚ್ಚಲು

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಸುತ್ತಿನ ಹಳ್ಳಿಗಳಲ್ಲಿ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುತ್ತಾ ತಿರುಗುವುದು ನನ್ನ ಕೆಲಸವಾಗಿತ್ತು. ಯಾರ ಮೈಮೇಲೆ ಗುಳ್ಳೆ ಕಂಡರೂ ಅಂದೇ ಆಸ್ಪತ್ರೆಗೆ ತಿಳಿಸಬೇಕು, ಆ ಮನೆಯವರನ್ನು ಹೊರಗೆ ಬಿಡಬಾರದು ಎಂದು ನಿಯಮ.

ಮಾಡದಕೆರೆಯಲ್ಲಿ ಗೌರಮ್ಮ ಎಂಬಾಕೆಯ ಬೆರಳುಗಳ ಮೇಲೆ ದಪ್ಪ ದಪ್ಪ ಗುಳ್ಳೆ ಕಂಡು ಸಿಡುಬೇ ಇರಬೇಕು ಅಂದುಕೊಂಡೆ. ಕಂಕುಳಲ್ಲಿ ಎಳೆಗೂಸು ಬೇರೆ. ಆದರೆ ಆಕೆಗೆ ಜ್ವರವಿಲ್ಲ, ಮುಖದ ಮೇಲೆ ಒಂದು ಗುಳ್ಳೆಯೂ ಇಲ್ಲ.

"ಮನೆಯಾಗೆ ಇನ್ಯಾರಿಗೈತಮ್ಮ?"

"ಎಮ್ಮೆಗೈತೆ ಸ್ವಾಮಿ, ಬರ್ರಿ ತೋರಿಸ್ತೀನಿ."

ಎಮ್ಮೆಯ ಕೆಚ್ಚಲ ಮೇಲೂ ಅಂಥವೇ ಗುಳ್ಳೆ! ನನ್ನ ಫಾರಂನಲ್ಲಿ ದನಗಳಿಗೆ ಜಾಗವೇ ಇರಲಿಲ್ಲ. ಕಾವಲು ಹಾಕಬೇಕಾದ್ದು ಮನೆಗೋ ಕೊಟ್ಟಿಗೆಗೋ ತಿಳಿಯದೆ, ಮಗುವನ್ನು ಅಜ್ಜಿಯ ಕೈಗೆ ಕೊಡಿಸಿ, ಸೈಕಲ್ಲಿನಲ್ಲಿ ಹೋಗಿ ಡಾಕ್ಟರನ್ನು ಕರೆತಂದೆ.

"ಇದು ಸಿಡುಬಲ್ಲ, ಹಾಲು ಕರೆಯುವಾಗ ಎಮ್ಮೆಯಿಂದ ಅಂಟಿರೋದು. ಒಣಗೋವರೆಗೂ ಕೈಗೆ ಬಟ್ಟೆ ಸುತ್ಕೊಳ್ಳಮ್ಮ, ಮಗುವಿಗೆ ತಾಗಿಸಬೇಡ" ಎಂದರು ಡಾಕ್ಟರು.

ನನಗೆ ಹೋದ ಜೀವ ಬಂದಂತಾಯಿತು. ಗೌರಮ್ಮ ಮಾತ್ರ ಬಿಡಲಿಲ್ಲ.

"ಹಂಗಾರೆ ಎಮ್ಮೆಗೆ ಎಲ್ಲಿಂದ ಬಂತು? ಹೋದ ತಿಂಗ್ಳು ಇವ್ರು ನಮ್ಮ ಯಜಮಾನ್ರಿಗೆ ದಾಕು ಹಾಕಿದ್ರು. ತೋಳು ಕೀವು ಸೋರ್ತಿತ್ತು. ಅದನ್ನ ಕೆರ್ಕೊಂಡು ಅದೇ ಕೈಯಾಗೆ ಹಾಲು ಕರೀತಿದ್ರು."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಎಮ್ಮೆಯ ಕಡೆ ನೋಡಿದೆ.

"ದಾಕಿನಲ್ಲಿರೋದೂ ಇದೇ ಜಾತಿಯ ಜೀವಂತ ರೋಗಾಣುವೇ. ಹಾಗೂ ಆಗಿರಬಹುದು, ಹೇಳೋಕಾಗಲ್ಲ" ಎಂದರು ಅವರು.

ಗೌರಮ್ಮನ ಕೈ ವಾಸಿಯಾಯಿತು, ಮಗುವಿಗೆ ಏನೂ ಆಗಲಿಲ್ಲ. ರೋಗ ಯಾರಿಂದ ಯಾರಿಗೆ ಬಂತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ದಾಕು ಹಾಕಿದವರಿಗೆಲ್ಲ, "ವಾಸಿಯಾಗೋತನಕ ಹಾಲು ಕರೀಬ್ಯಾಡ್ರಿ" ಎನ್ನುತ್ತಿದ್ದೆ. ಯಾಕೆಂದು ಕೇಳಿದರೆ, "ಎಮ್ಮೆಗೆ ಒಳ್ಳೇದಲ್ಲ" ಎಂದಷ್ಟೇ ಹೇಳಿ ಸೈಕಲ್ ಹತ್ತಿಬಿಡುತ್ತಿದ್ದೆ.