ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಭದ್ರಾವತಿಯ ಕಾರ್ಖಾನೆಯ ಸೈರನ್ ಈಗಲೂ ನನ್ನ ಕಿವಿಯಲ್ಲಿದೆ. ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಗೊರಗೊರ, ಆಮೇಲೆ ನ್ಯೂ ಟೌನಿನ ಕಿಟಕಿಗಳೆಲ್ಲ ಅದುರುವಂಥ ಉದ್ದನೆಯ ಕೂಗು. ನಮ್ಮ ಊಟ, ನಿದ್ದೆ, ಅಪ್ಪನ ಶಿಫ್ಟು ಎಲ್ಲ ಅದರ ಪ್ರಕಾರವೇ. ಅರವತ್ತರ ದಶಕದ ಶುರುವಿನ ಒಂದು ಸಂಜೆಯ ವಿಷಯ ಬರೆಯುತ್ತಿದ್ದೇನೆ. ಇದನ್ನು ಹೇಳಿ ಹೇಳಿ ನನಗೇ ದಣಿವಾಗಿದೆ. ಕೇಳಿದವರು ನಕ್ಕಿದ್ದಾರೆ, ಇಲ್ಲವೇ ಕೈ ಮುಗಿದಿದ್ದಾರೆ. ನನಗೆ ಎರಡೂ ಬೇಡ. ಫ್ರಾಂಕ್ ಆಗಿ ಹೇಳುತ್ತೇನೆ, ನಾನು ಇಂಥದ್ದನ್ನು ನಂಬುವವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಎಲ್ಲವನ್ನೂ ‘ಸೂಪರ್‌ಸ್ಟಿಷನ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನನಗೂ ಅದೇ ಸರಿ ಎನ್ನಿಸಿತ್ತು.

ಪಕ್ಕದ ಕ್ವಾರ್ಟರ್ಸಿನಲ್ಲಿ ಜೈನಬಿ ಇದ್ದಳು, ನಮಗೆ ಮಕ್ಕಳಿಗೆ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಅವಳ ಗಂಡ ಕಾರ್ಖಾನೆಯ ಲಾರಿ ಡ್ರೈವರ್. ನಮ್ಮದು ಲಿಂಗಾಯತರ ಮನೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಮ್ಮ ಮೊಸರು, ಉಪ್ಪು ಯಾರಿಗೂ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ. ಖಾಲಾಗೆ ಹಾಲಿಗೆ ಹಾಕುವ ಹೆಪ್ಪು ನೆನಪಾಗುತ್ತಿದ್ದುದೇ ಆ ಹೊತ್ತಿಗೆ.

“ದೀಪ ಹಚ್ಚಾಯ್ತು ಮಾರಾಯ್ತಿ, ಬೆಳಿಗ್ಗೆ ಬಾ,” ಎನ್ನುತ್ತಿದ್ದಳು ಅಮ್ಮ.

“ಒಂದು ಚಮಚದಲ್ಲಿ ನಿಮ್ಮ ಲಕ್ಷ್ಮಿ ಎಷ್ಟು ಬರ್ತಾಳೆ ಗೌರಕ್ಕ? ಬಂದ್ರೆ ಟೀ ಕುಡಿಸಿ ವಾಪಸ್ ಕಳಿಸ್ತೀನಿ ಬಿಡಿ.”

ಅಮ್ಮ ನಗುತ್ತಿದ್ದಳು. ಆದರೆ ಒಂದು ದಿನವೂ ಕೊಟ್ಟವಳಲ್ಲ.

ಆ ದಿನ ಅಪ್ಪ ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಮಧ್ಯಾಹ್ನ ಹಿತ್ತಿಲಲ್ಲಿ ಆಡುತ್ತಿದ್ದ ನನ್ನ ಪುಟ್ಟ ತಮ್ಮ ರವಿಯನ್ನು ಎತ್ತಿಕೊಂಡು ಒಬ್ಬ ಅಪರಿಚಿತ ಒಳಗೆ ಬಂದ. ಇನ್ನೊಂದು ಕೈಯಲ್ಲಿ ಚೂರಿ. ಶಿವಮೊಗ್ಗದಲ್ಲಿ ಯಾರನ್ನೋ ಇರಿದು ಓಡಿಬಂದವನು ಎಂದು ಆಮೇಲೆ ತಿಳಿಯಿತು. ಅಪ್ಪನ ಖಾಕಿ ಬಟ್ಟೆ ಕೇಳಿ ಹಾಕಿಕೊಂಡ. ರಾತ್ರಿ ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಖಾಕಿಯವರೇ. ಅವರ ನಡುವೆ ಸೇರಿಕೊಂಡು ಸ್ಟೇಷನ್ ಮುಟ್ಟುವುದು ಅವನ ಪ್ಲಾನು. “ಮಗು ಸ್ಟೇಷನ್‌ವರೆಗೂ ನನ್ ಜೊತೆ ಬರುತ್ತೆ. ಕೂಗಿದ್ರೆ ವಾಪಸ್ ಬರಲ್ಲ,” ಎಂದ.

ಕಥೆಗಳಲ್ಲಿ ಬರೆಯುವ ಹಾಗೆ ಏನೂ ನಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೆದರಿಕೆಗೂ ಸುಸ್ತಾಗುತ್ತದೆ. ರವಿ ಅತ್ತು ಅತ್ತು ಅವನ ತೊಡೆಯ ಮೇಲೇ ನಿದ್ದೆಹೋದ. ಅವನೂ ತೂಕಡಿಸುತ್ತಿದ್ದ, ಆದರೆ ಚೂರಿ ಮಗುವಿನ ಕುತ್ತಿಗೆಯಿಂದ ದೂರ ಸರಿಯಲಿಲ್ಲ. ಸಂಜೆ, ಮನೆ ಕತ್ತಲಿದ್ದರೆ ಜನ ಕೇಳುತ್ತಾರೆ ಎಂದು ಅಮ್ಮ ಅವನನ್ನು ಒಪ್ಪಿಸಿ ದೀಪ ಹಚ್ಚಿದಳು.

ಆಗ ಹಿಂಬಾಗಿಲು ತಟ್ಟಿದ ಸದ್ದು. “ಗೌರಕ್ಕ, ಒಂಚೂರು ಹೆಪ್ಪು.” ಖಾಲಾಳ ದನಿ. ಅವನು ಮಗುವನ್ನು ಎತ್ತಿಕೊಂಡು ಬಾಗಿಲ ಮರೆಗೆ ನಿಂತು, ಕೊಟ್ಟು ಕಳಿಸು ಎಂದು ಕಣ್ಣಲ್ಲೇ ಹೇಳಿದ. ಅಮ್ಮ ನಮ್ಮದೇ ಲೋಟಕ್ಕೆ ಒಂದು ಚಮಚ ಮೊಸರು ಹಾಕಿ ಸಂದಿಯಲ್ಲಿ ಚಾಚಿದಳು. “ಆಯ್ತಕ್ಕ,” ಎಂದಿತು ದನಿ. ಅಷ್ಟೇ.

ಸ್ವಲ್ಪ ಹೊತ್ತಿಗೆ ಮುಂಬಾಗಿಲು ತಟ್ಟಿದರು. ಅವನು ಗಾಬರಿಯಲ್ಲಿ ರವಿಯನ್ನು ಚಾಪೆಯ ಮೇಲೆ ಬಿಟ್ಟು ಚೂರಿ ಹಿಡಿದು ಅತ್ತ ಹೋದ. ಅಮ್ಮ ಮಗುವನ್ನು ಬಾಚಿಕೊಂಡಳು, ನನ್ನನ್ನು ಎಳೆದುಕೊಂಡು ಹಿಂಬಾಗಿಲಿನಿಂದ ಓಡಿದಳು. ಹಿತ್ತಿಲ ತುಂಬ ಜನ ದೊಣ್ಣೆ ಹಿಡಿದು ನಿಂತಿದ್ದರು. ಅವನು ಜಗಳವಾಡಲಿಲ್ಲ. ಚೂರಿ ಕೆಳಗಿಟ್ಟು ಕುಡಿಯಲು ನೀರು ಕೇಳಿದನಂತೆ.

ಜನರನ್ನು ಕರೆತಂದವನು ಕ್ವಾರ್ಟರ್ಸಿನ ತಮಿಳು ವಾಚ್‌ಮನ್. “ಜೈನಬಿಯಮ್ಮ ಬಂದು ಹೇಳ್ತು ಸಾರ್,” ಎಂದ ಅಪ್ಪನಿಗೆ. “ದೀಪ ಹಚ್ಚಿದ ಮೇಲೆ ಗೌರಕ್ಕ ಹೆಪ್ಪು ಕೊಟ್ರು, ಆ ಮನೇಲಿ ಏನೋ ಆಗಿದೆ, ಹೋಗಿ ನೋಡು ಅಂತು.”

ಥ್ಯಾಂಕ್ಸ್ ಹೇಳಲು ಅಪ್ಪ ಹೋದರೆ ಅವರ ಮನೆಗೆ ಬೀಗ. ಖಾಲಾ ಹಿಂದಿನ ದಿನವೇ ಗಂಡನ ಜೊತೆ ಆಯನೂರಿಗೆ, ಅಣ್ಣನ ಮನೆಯ ಮದುವೆಗೆ ಹೋಗಿದ್ದಳಂತೆ, ನಮಗೆ ಗೊತ್ತೇ ಇರಲಿಲ್ಲ. ವಾಪಸ್ ಬಂದು ಬೀಗ ತೆಗೆದವಳು ನೇರ ನಮ್ಮ ಮನೆಗೆ ಬಂದಳು. ಕೈಯಲ್ಲಿ ನಮ್ಮ ಲೋಟ, ಕಂಠದವರೆಗೆ ಗಟ್ಟಿ ಮೊಸರು.

“ನಮ್ಮ ಒಲೆ ಪಕ್ಕ ಇತ್ತು ಗೌರಕ್ಕ. ಯಾರಿಟ್ರು? ಮನೇಲಿ ಹಾಲೇ ಇರಲಿಲ್ಲ.”

“ನೀನೇ ಬಂದಿದ್ದೆ ಕಣೇ. ಮುಖ ನೋಡಿದೀನಿ.”

“ಅಲ್ಲಾ ಕಸಂ ಅಕ್ಕ, ಅವತ್ತು ಸಂಜೆ ನಾನು ಹುಡುಗೀಗೆ ಮೆಹಂದಿ ಹಚ್ತಿದ್ದೆ. ಇಡೀ ಆಯನೂರು ನೋಡಿದೆ.”

ಬೆಳಕು ಕಡಿಮೆಯಿತ್ತು, ಬೇರೆ ಯಾರೋ ಬಂದಿರಬೇಕು ಎಂದು ಅಪ್ಪ ತೀರ್ಮಾನಿಸಿದರು. ಬೇರೆಯವರಾದರೆ ಬೀಗ ಹಾಕಿದ ಮನೆಯೊಳಗೆ ಲೋಟ ಹೇಗೆ ಹೋಯಿತು? ಇಷ್ಟು ವರ್ಷ ಬೇಕಾದಷ್ಟು ಎಕ್ಸ್‌ಪ್ಲನೇಷನ್ ಹುಡುಕಿದೆ. ಒಂದೂ ಕೊನೆಯವರೆಗೆ ನಿಲ್ಲಲಿಲ್ಲ. ಈಗ ಹುಡುಕುವ ಶಕ್ತಿಯೂ ಇಲ್ಲ.

ಖಾಲಾಳನ್ನು ಕೊನೆಯ ಸಲ ನೋಡಿದ್ದು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ, ನನ್ನ ಮದುವೆಯಾದ ಹೊಸತರಲ್ಲಿ. ತನ್ನ ಟ್ರಂಕಿನ ಮೇಲೆ ಕೂತು ಸಾಗರದ ಬಸ್ಸಿಗೆ ಕಾಯುತ್ತಿದ್ದಳು. ತುಂಬ ಸೊರಗಿದ್ದಳು. ಆ ಸಂಜೆ ಬಂದದ್ದು ನೀವೇನಾ ಎಂದು ನಾನು ಕೇಳಿಯೇಬಿಟ್ಟೆ.

“ನಾನಲ್ಲ ಬೇಟಿ,” ಎಂದಳು. “ನಾನೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ನಂಗೂ ಎಷ್ಟೋ ಸಲ ಅನ್ಸಿದೆ.” ಆಮೇಲೆ, “ರವಿ ಹೇಗಿದಾನೆ?” ಎಂದಳು.

“ಚೆನ್ನಾಗಿದಾನೆ ಖಾಲಾ. ನಿಮ್ಮಷ್ಟೇ ಎತ್ತರ ಆಗಿದಾನೆ.”

“ಹಾಗಾದ್ರೆ ಯಾರು ಬಂದಿದ್ರೇನು, ಬಿಡು.”

ಬಸ್ಸು ಬಂತು. ಟ್ರಂಕು ಹತ್ತಿಸಿಕೊಟ್ಟೆ. ಕಿಟಕಿ ಪಕ್ಕ ಜಾಗ ಸಿಕ್ಕಿತು ಅವಳಿಗೆ. ಬಸ್ಸು ತಿರುಗುವಾಗ ನಾನು ಕೈ ಎತ್ತಿದೆ. ಅವಳು ಆಗಲೇ ಕಣ್ಣು ಮುಚ್ಚಿ ತಲೆ ಒರಗಿಸಿಕೊಂಡಿದ್ದಳು.